60 ನಿಮಿಷದಲ್ಲೋ, ಆಮೇಲೋ? ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್‌ನ ಲೆಕ್ಕ ನಾವು ಬರೆದಿಡುವ ಬಗೆ

ಮೇ ತಿಂಗಳು ಬಂತೆಂದರೆ ಮುಂಬೈಯ ಲೋಕಲ್‌ಗಳಲ್ಲಿ ಐಪಿಎಲ್ ಬಿಟ್ಟು ಬೇರೆ ಮಾತಿಲ್ಲ. ಅದರ ನಡುವೆಯೇ ಡೊಂಬಿವಲಿ, ಠಾಣೆ, ಮಾಟುಂಗ ಕಡೆಯ ನಾವು ನಾಲ್ಕೈದು ಮಂದಿ ಕನ್ನಡಿಗರು ಪುರುಷರ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್‌ನ ಫಲಿತಾಂಶಗಳನ್ನು ಕನ್ನಡದಲ್ಲಿ ಬರೆದಿಟ್ಟು ಹಂಚುತ್ತೇವೆ. ಬಳಸುವುದು ಒಂದು ಫುಲ್‌ಸ್ಕೇಪ್ ಲಾಂಗ್ ಬುಕ್, ಪೆನ್ಸಿಲ್, ಒಂದು ಎಕ್ಸೆಲ್ ಹಾಳೆ. ಈ ಕೆಲಸ ಮಾಡಬೇಕೆನ್ನುವವರಿಗೆ ನಮ್ಮ ಪದ್ಧತಿ, ಎಡವುವ ಜಾಗಗಳ ಸಮೇತ, ಇಲ್ಲಿದೆ.

ಮೊದಲು ಗಾತ್ರ. 16 ತಂಡ, ಎಂಟೆಂಟರ ಎರಡು ಗುಂಪು. ಗುಂಪಿನಲ್ಲಿ ಪ್ರತಿ ತಂಡಕ್ಕೆ 7 ಪಂದ್ಯ, ಅಂದರೆ ಗುಂಪಿಗೆ 28, ಎರಡೂ ಸೇರಿ 56. ಆಮೇಲೆ ಪ್ರತಿ ಗುಂಪಿನ ಮೊದಲ ನಾಲ್ವರಿಗೆ ನಾಲ್ಕು ಕ್ವಾರ್ಟರ್ ಫೈನಲ್, ಎರಡು ಸೆಮಿ, ಕಂಚಿನ ಪಂದ್ಯ, ಫೈನಲ್. ಒಟ್ಟು 64. ಲಾಂಗ್ ಬುಕ್ಕಿನಲ್ಲಿ ಪುಟಕ್ಕೆ ಒಂದು ಪಂದ್ಯವೆಂದು 64 ಪುಟ, ಗುಂಪಿನ ಪಟ್ಟಿಗೆ ನಾಲ್ಕು ಪುಟ, ಟೈ ಬಿಡಿಸುವ (ಅಂಕ ಸಮವಾದ ತಂಡಗಳಲ್ಲಿ ಯಾರು ಮೇಲೆಂದು ನೋಡುವ) ಲೆಕ್ಕಕ್ಕೆ ಎರಡು ಪುಟ ಮೊದಲೇ ಎಣಿಸಿ ಗುರುತು ಹಾಕಿಡಿ. ಟೈ ಲೆಕ್ಕವನ್ನು ಮಾತ್ರ ಪಂದ್ಯದ ಪುಟದ ಅಂಚಿನಲ್ಲಿ ಗೀಚಬೇಡಿ. ಮರುದಿನ ಅದು ಬರೆದವರಿಗೇ ಅರ್ಥವಾಗುವುದಿಲ್ಲ.

ದಿನಾಂಕದ ತೊಡಕು ಮೊದಲ ದಿನವೇ ಕಾಡುತ್ತದೆ. ಮಧ್ಯ ಯುರೋಪಿನ ಬೇಸಿಗೆ ಗಡಿಯಾರಕ್ಕೂ ನಮಗೂ ಮೂರೂವರೆ ಗಂಟೆ ಅಂತರ. ಸ್ಟಾಕ್‌ಹೋಮ್‌ನಲ್ಲಿ ಸಂಜೆ 4.20ಕ್ಕೆ ಶುರುವಾದ ಪಂದ್ಯ ನಮಗೆ 7.50ಕ್ಕೆ, ರಾತ್ರಿ 8.20ರದ್ದು ನಮಗೆ 11.50ಕ್ಕೆ ಶುರುವಾಗಿ, ಮುಗಿಯುವಾಗ ಎರಡು ದಾಟಿರುತ್ತದೆ, ಕ್ಯಾಲೆಂಡರ್ ಹಾಳೆ ಮಗುಚಿರುತ್ತದೆ. ನಾವು ಆತಿಥೇಯ ಊರಿನ ದಿನಾಂಕವನ್ನೇ ಬರೆಯುತ್ತೇವೆ, ನಮ್ಮದನ್ನಲ್ಲ. ಇಲ್ಲವಾದರೆ ಒಂದೇ ದಿನದ ಎರಡು ಪಂದ್ಯ ಪುಸ್ತಕದಲ್ಲಿ ಎರಡು ದಿನಕ್ಕೆ ಹಂಚಿಹೋಗುತ್ತವೆ. ರೀಗಾ, ಹೆಲ್ಸಿಂಕಿ, ಟಾಂಪೆರೆಗಳಲ್ಲಿ ಆಟವಿದ್ದ ವರ್ಷಗಳಲ್ಲಿ ಅಂತರ ಎರಡೂವರೆ ಗಂಟೆ. ಹಿಂದಿನ ವರ್ಷದ ಎಕ್ಸೆಲ್ ಸೂತ್ರವನ್ನು ಹಾಗೇ ನಕಲು ಮಾಡಿದರೆ ಎಲ್ಲ ಹೊತ್ತೂ ಒಂದು ಗಂಟೆ ಜಾರುತ್ತದೆ.

ಈಗ ಮುಖ್ಯ ಮಾತು. ಪಂದ್ಯದ ಪುಟದಲ್ಲಿ ಸ್ಕೋರ್ ಬರೆಯುವ ಮೊದಲೇ ಒಂದು ಚೌಕ ತುಂಬಬೇಕು: ಆಟ 60 ನಿಮಿಷದಲ್ಲಿ ಮುಗಿಯಿತೋ, ಓವರ್‌ಟೈಮ್‌ನಲ್ಲೋ, ಶೂಟೌಟ್‌ನಲ್ಲೋ. ಚರ್ಚ್‌ಗೇಟ್ ಬಳಿಯ ಮಹೀಂದ್ರಾ ಮೈದಾನದ ಹಾಕಿ ಗೊತ್ತಿರುವವರು 3–2 ಎಂದರೆ ಗೆಲುವು, ಅಷ್ಟೇ, ಎಂದುಕೊಳ್ಳುತ್ತಾರೆ. ಇಲ್ಲಿ 3–2 ಮೂರು ಬಗೆ. 60 ನಿಮಿಷದೊಳಗೆ ಗೆದ್ದರೆ 3 ಅಂಕ, ಸೋತವರಿಗೆ ಸೊನ್ನೆ. ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಗೆದ್ದರೆ 2, ಸೋತವರಿಗೂ 1. ಗುಂಪಿನ ಹಂತದಲ್ಲಿ ಓವರ್‌ಟೈಮ್ 5 ನಿಮಿಷ, ಗೋಲ್‌ಕೀಪರ್ ಬಿಟ್ಟು ಮೂವರ ಎದುರು ಮೂವರು. ಮೊದಲ ಗೋಲಿಗೇ ಆಟ ಮುಗಿಯಿತು. ಆಗದಿದ್ದರೆ ತಂಡಕ್ಕೆ ಐವರಂತೆ ಶೂಟೌಟ್. ಕ್ವಾರ್ಟರ್, ಸೆಮಿ, ಕಂಚಿನ ಪಂದ್ಯಗಳಿಗೆ ಓವರ್‌ಟೈಮ್ 10 ನಿಮಿಷ. ಫೈನಲ್‌ಗೆ 20 ನಿಮಿಷದ ಅವಧಿಗಳು, ಗೋಲು ಬೀಳುವವರೆಗೆ, ಶೂಟೌಟ್ ಇಲ್ಲ. 2018ರ ಕೋಪನ್‌ಹೇಗನ್ ಫೈನಲ್ ಶೂಟೌಟ್‌ನಲ್ಲೇ ತೀರ್ಮಾನವಾಗಿತ್ತು, ಸ್ವೀಡನ್ 3–2 ಸ್ವಿಟ್ಜರ್ಲೆಂಡ್. ಹಾಗಾಗಿ ಹಳೆಯ ವರ್ಷದ ಪುಟ ತುಂಬುವಾಗ ಈಗಿನ ನಿಯಮ ಹಿಡಿದು ಹೋಗಬೇಡಿ.

ಶೂಟೌಟ್‌ನಲ್ಲಿ ಎಷ್ಟೇ ಸಲ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಒಳಗೆ ಹೋದರೂ ಗೆದ್ದ ತಂಡದ ಮೊತ್ತಕ್ಕೆ ಸೇರುವುದು ಒಂದೇ ಗೋಲು. 2–2 ಆಗಿ ಶೂಟೌಟ್ ಗೆದ್ದರೆ ಫಲಿತಾಂಶ 3–2. ಆ ಒಂದು ಗೋಲು ತಂಡದ ಗೋಲು ವ್ಯತ್ಯಾಸಕ್ಕೆ ಸೇರುತ್ತದೆ, ಹೊಡೆದವನ ಗೋಲುಗಳ ಲೆಕ್ಕಕ್ಕೆ ಸೇರುವುದಿಲ್ಲ, ಗೋಲ್‌ಕೀಪರನ ಲೆಕ್ಕಕ್ಕೂ ಇಲ್ಲ. ಆಟಗಾರರ ಗೋಲುಗಳನ್ನು ಕೂಡಿ ತಂಡದ ಮೊತ್ತಕ್ಕೆ ತಾಳೆ ನೋಡುವಾಗ ಒಂದೆರಡು ಕಡಿಮೆ ಬಂದರೆ, ತಪ್ಪು ಹುಡುಕುವ ಮೊದಲು ಶೂಟೌಟ್ ಗೆಲುವು ಎಷ್ಟಿವೆ ಎಣಿಸಿ.

ಅಂಕಪಟ್ಟಿಯ ಅಂಕಣಗಳು: ಆಡಿದ್ದು, ಗೆಲುವು, ಓ.ಟೈ. (ಓವರ್‌ಟೈಮ್ ಅಥವಾ ಶೂಟೌಟ್) ಗೆಲುವು, ಓ.ಟೈ. ಸೋಲು, ಸೋಲು, ಹೊಡೆದ ಗೋಲು, ಬಿಟ್ಟ ಗೋಲು, ಅಂಕ. ಪ್ರತಿ ಪಂದ್ಯ ಹೇಗೇ ಮುಗಿದರೂ ಹಂಚಿಕೆಯಾಗುವುದು ಒಟ್ಟು 3 ಅಂಕವೇ. ಆದ್ದರಿಂದ ಗುಂಪು ಮುಗಿದಾಗ ಎಂಟು ತಂಡಗಳ ಅಂಕ ಕೂಡಿದರೆ 28×3, ಅಂದರೆ 84 ಬರಲೇಬೇಕು. 85 ಬಂದರೆ ಎಲ್ಲೋ ಓವರ್‌ಟೈಮ್ ಗೆಲುವಿಗೆ 3 ಕೊಟ್ಟು, ಸೋತವರಿಗೂ 1 ಹಾಕಿದ್ದೀರಿ. 83 ಬಂದರೆ ಸೋತವರ 1 ಮರೆತಿದ್ದೀರಿ. ಓ.ಟೈ. ಗೆಲುವುಗಳ ಮೊತ್ತಕ್ಕೂ ಓ.ಟೈ. ಸೋಲುಗಳ ಮೊತ್ತಕ್ಕೂ ಸಮ ಇರಬೇಕು. ಹೊಡೆದ ಗೋಲಿಗೂ ಬಿಟ್ಟ ಗೋಲಿಗೂ ಹಾಗೆಯೇ. ಈ ಮೂರು ತಾಳೆಗೆ ಎರಡು ನಿಮಿಷ ಸಾಕು.

ಸಮ ಅಂಕದ ವಿಷಯದಲ್ಲಿ ಐಪಿಎಲ್ ಅಭ್ಯಾಸ ಕೈಕೊಡುತ್ತದೆ. ನೆಟ್ ರನ್‌ರೇಟ್ ತಲೆಯಲ್ಲಿರುವವರು ನೇರ ಗೋಲು ವ್ಯತ್ಯಾಸಕ್ಕೆ ಹೋಗುತ್ತಾರೆ. ಇಲ್ಲಿ ಮೊದಲು ನೋಡುವುದು ಪರಸ್ಪರ ಪಂದ್ಯ. ಎರಡೇ ತಂಡ ಸಮವಾದರೆ ಅವರಿಬ್ಬರ ಪಂದ್ಯದಲ್ಲಿ ಗೆದ್ದವರು ಮೇಲೆ, ಮುಗಿಯಿತು. ಮೂರು ಅಥವಾ ಹೆಚ್ಚು ತಂಡ ಸಮವಾದರೆ ಆ ತಂಡಗಳ ನಡುವಿನ ಪಂದ್ಯಗಳನ್ನಷ್ಟೇ ತೆಗೆದು ಸಣ್ಣ ಪಟ್ಟಿ ಮಾಡಬೇಕು: ಅದರಲ್ಲಿ ಮೊದಲು ಅಂಕ, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು. ನಡುವೆ ಎಲ್ಲಾದರೂ ಎರಡೇ ತಂಡ ಉಳಿದರೆ ಮತ್ತೆ ಅವರಿಬ್ಬರ ಪಂದ್ಯಕ್ಕೆ ಹಿಂದಿರುಗಬೇಕು.

ಇದನ್ನು ಕಲಿಯಲು 2021ರ ರೀಗಾ, ಬಿ ಗುಂಪಿಗಿಂತ ಒಳ್ಳೆಯ ಪಾಠವಿಲ್ಲ. ಕೊನೆಯ ಅಂಕಗಳು: ಅಮೆರಿಕ 18, ಫಿನ್‌ಲೆಂಡ್ 17, ಜರ್ಮನಿ 12, ಕೆನಡಾ 10, ಕಜಕ್‌ಸ್ತಾನ್ 10, ಲಾಟ್ವಿಯಾ 9, ನಾರ್ವೆ 8, ಇಟಲಿ 0. ಕೂಡಿ ನೋಡಿ, 84. ಕೆನಡಾ ಮೊದಲ ಮೂರು ಪಂದ್ಯ ಸೋತಿತ್ತು: ಲಾಟ್ವಿಯಾಗೆ 0–2, ಅಮೆರಿಕಕ್ಕೆ 1–5, ಜರ್ಮನಿಗೆ 1–3. ಆಮೇಲೆ ನಾರ್ವೆ, ಕಜಕ್‌ಸ್ತಾನ್, ಇಟಲಿಗಳ ಮೇಲೆ ಮೂರು ಪೂರ್ತಿ ಗೆಲುವು, ಅಲ್ಲಿಗೆ 9. ಕೊನೆಯ ಪಂದ್ಯದಲ್ಲಿ ಫಿನ್‌ಲೆಂಡಿಗೆ ಶೂಟೌಟ್‌ನಲ್ಲಿ 2–3 ಸೋತರೂ 1 ಸಿಕ್ಕಿತು, ಅಲ್ಲಿಗೆ 10. ಕಜಕ್‌ಸ್ತಾನಕ್ಕೂ 10, ಆದರೆ ಅವರಿಬ್ಬರ ಪಂದ್ಯದಲ್ಲಿ ಕೆನಡಾ 4–2. ನಾಲ್ಕನೇ ಸ್ಥಾನ ಕೆನಡಾದ್ದು.

ಆದರೆ ಅದು ಖಚಿತವಾಗಲು ಜರ್ಮನಿ–ಲಾಟ್ವಿಯಾ ಪಂದ್ಯ ಮುಗಿಯಬೇಕಿತ್ತು. ಜರ್ಮನಿ 60 ನಿಮಿಷದಲ್ಲೇ 2–1 ಗೆದ್ದಿತು. ಅದೇ 2–1 ಓವರ್‌ಟೈಮ್‌ನಲ್ಲಿ ಬಂದಿದ್ದರೆ? ಲಾಟ್ವಿಯಾಗೆ 1 ಸೇರಿ 10, ಮೂರು ತಂಡ ಸಮ. ಸಣ್ಣ ಪಟ್ಟಿಯಲ್ಲಿ ಲಾಟ್ವಿಯಾಗೆ 4 (ಕೆನಡಾ ಮೇಲೆ 3, ಕಜಕ್‌ಸ್ತಾನಕ್ಕೆ ಶೂಟೌಟ್‌ನಲ್ಲಿ ಸೋತು 1), ಕೆನಡಾಗೆ 3, ಕಜಕ್‌ಸ್ತಾನಕ್ಕೆ 2. ಕೆನಡಾ ಮನೆಗೆ. ಲಾಟ್ವಿಯಾ ಓವರ್‌ಟೈಮ್‌ನಲ್ಲಿ ಗೆದ್ದಿದ್ದರೂ ಅಷ್ಟೇ: ಲಾಟ್ವಿಯಾ 11, ಜರ್ಮನಿ, ಕೆನಡಾ, ಕಜಕ್‌ಸ್ತಾನ್ ತಲಾ 10. ಸಣ್ಣ ಪಟ್ಟಿಯಲ್ಲಿ ಮೂವರಿಗೂ 3, ಗೋಲು ವ್ಯತ್ಯಾಸ ಜರ್ಮನಿಗೆ +1, ಕೆನಡಾಗೆ 0, ಕಜಕ್‌ಸ್ತಾನಕ್ಕೆ –1, ನಾಲ್ಕನೆಯದು ಜರ್ಮನಿ. ಹೀಗೆ 60 ನಿಮಿಷದೊಳಗೆ ಉಳಿದುಕೊಂಡ ಕೆನಡಾ ಫೈನಲ್‌ನಲ್ಲಿ ಫಿನ್‌ಲೆಂಡನ್ನು ಓವರ್‌ಟೈಮ್‌ನಲ್ಲಿ 3–2 ಸೋಲಿಸಿ ಚಿನ್ನ ಗೆದ್ದಿತು. ಹೊಸಬರು ಮೊದಲು ಈ ಗುಂಪಿನ 28 ಪಂದ್ಯ ಬರೆದು ಪಟ್ಟಿ ಕಟ್ಟಲಿ. ಉತ್ತರ ಗೊತ್ತಿರುವುದರಿಂದ ತಪ್ಪು ತಾನೇ ಸಿಗುತ್ತದೆ.

ಗೋಲಿನ ಹೊತ್ತು ಬರೆಯುವಾಗ ಗಡಿಯಾರ ಮುಂದಕ್ಕೆ ಓಡಬೇಕು. ಸುದ್ದಿಗಳಲ್ಲಿ ‘49 ಸೆಕೆಂಡು ಬಾಕಿ ಇದ್ದಾಗ’ ಎಂದು ಬರುತ್ತದೆ. ಅಧಿಕೃತ ಹಾಳೆಯಲ್ಲಿ ಇರುವುದು ಕಳೆದ ಹೊತ್ತು. 2025ರ ಕ್ವಾರ್ಟರ್ ಫೈನಲ್‌ನಲ್ಲಿ ಕೆನಡಾ ಎದುರು ಡೆನ್ಮಾರ್ಕ್‌ನ ನಿಕ್ ಓಲೆಸನ್ ಗೆಲುವಿನ ಗೋಲು ಹೊಡೆದದ್ದು ಹೀಗೆ 49 ಸೆಕೆಂಡು ಉಳಿದಾಗ. ಪುಸ್ತಕದಲ್ಲಿ 59:11. ಆಟ 20 ನಿಮಿಷದ ಮೂರು ಅವಧಿ, ಹಾಗಾಗಿ ಎರಡನೇ ಅವಧಿಯ ಗೋಲಿಗೆ 20, ಮೂರನೆಯದಕ್ಕೆ 40 ಸೇರಿಸಿ ಬರೆಯಿರಿ. 2024ರ ಪ್ರಾಗ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರು ಚೆಕಿಯಾದ ಪಾಸ್ತರ್ನ್ಯಾಕ್ ಮೂರನೇ ಅವಧಿಯ 9:13ಕ್ಕೆ ಹೊಡೆದ ಗೋಲು 49:13 ಆಗುತ್ತದೆ.

ಅದೇ ಫೈನಲ್‌ನಲ್ಲಿ ಚೆಕಿಯಾದ ಎರಡನೇ ಗೋಲು ಖಾಲಿ ಬಲೆಗೆ ಬಿದ್ದದ್ದು. ಸ್ವಿಟ್ಜರ್ಲೆಂಡ್ ಗೋಲ್‌ಕೀಪರನನ್ನು ಹೊರಕರೆದು ಹೆಚ್ಚುವರಿ ಆಟಗಾರನನ್ನು ಇಳಿಸಿತ್ತು. ತಂಡ ಬಿಟ್ಟ ಗೋಲು 2, ಗೋಲ್‌ಕೀಪರನ ಹೆಸರಿಗೆ 1. ಅವನು ಹೊರಗಿದ್ದ ಹೊತ್ತನ್ನೂ ಅವನ ನಿಮಿಷಗಳಿಂದ ಕಳೆಯಬೇಕು. ಗೋಲ್‌ಕೀಪರನ ಎರಡು ಅಂಕಿಗಳು ನಮಗೆ ಬೇಕು. ತಡೆದ ಪ್ರಮಾಣ ಸುಲಭ: ತಡೆದದ್ದನ್ನು ಎದುರಿಸಿದ ಶಾಟ್‌ಗಳಿಂದ ಭಾಗಿಸಿ. ಕಂಬಕ್ಕೆ ಬಡಿದದ್ದು, ನಡುವೆ ರಕ್ಷಕ ತಡೆದದ್ದು ಶಾಟ್ ಅಲ್ಲ. ಕಣ್ಣಲ್ಲಿ ಎಣಿಸಿದವರ ಸಂಖ್ಯೆ ಯಾವಾಗಲೂ ಹೆಚ್ಚು ಬರುವುದು ಇದಕ್ಕೇ. 60 ನಿಮಿಷಕ್ಕೆ ಬಿಟ್ಟ ಗೋಲಿನ ಸರಾಸರಿಯಲ್ಲಿ ಸೆಕೆಂಡುಗಳು ಮೋಸ ಮಾಡುತ್ತವೆ. 62:02 ಎಂದರೆ 62.02 ನಿಮಿಷವಲ್ಲ, 2ನ್ನು 60ರಿಂದ ಭಾಗಿಸಿ 62.03. ಇಲ್ಲಿ ವ್ಯತ್ಯಾಸ ಚಿಕ್ಕದು, 58:45ನ್ನು 58.45 ಎಂದರೆ ದೊಡ್ಡದು, ಅದು 58.75.

ಪವರ್‌ಪ್ಲೇ ಎಂಬ ಮಾತನ್ನು ಕ್ರಿಕೆಟ್ಟಿಗರಿಗೆ ಒಂದು ಸಾಲಿನಲ್ಲಿ ಬಿಡಿಸಿ ಹೇಳಬೇಕು: ತಪ್ಪು ಮಾಡಿದ ಎದುರಾಳಿ ಶಿಕ್ಷೆಯಾಗಿ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತಿರುವಷ್ಟು ಹೊತ್ತು ನಮಗೆ ಒಬ್ಬ ಹೆಚ್ಚು. 2 ನಿಮಿಷದ ಪೆನಾಲ್ಟಿ ಗೋಲು ಬಿದ್ದೊಡನೆ ಮುಗಿಯುತ್ತದೆ, 5 ನಿಮಿಷದ್ದು ಮುಗಿಯುವುದಿಲ್ಲ. 14:20ಕ್ಕೆ ಶುರುವಾದ 2 ನಿಮಿಷ 16:20ಕ್ಕೆ ತೀರುತ್ತದೆ. 16:21ರ ಗೋಲು, ಪೆನಾಲ್ಟಿಯವನು ಇನ್ನೂ ಅಂಚಿನಲ್ಲೇ ಇದ್ದರೂ, ಸಮಬಲದ ಗೋಲು. ಎರಡೂ ಕಡೆಯವರು ಒಂದೇ ಹೊತ್ತಿಗೆ 2 ನಿಮಿಷ ಕೂತರೆ ಯಾರಿಗೂ ಪವರ್‌ಪ್ಲೇ ಇಲ್ಲ, ಎಣಿಸಬೇಡಿ. ಓವರ್‌ಟೈಮ್‌ನಲ್ಲಿ ಮೂವರಿದ್ದಾಗ ಪೆನಾಲ್ಟಿಯಾದರೆ ತಪ್ಪು ಮಾಡಿದವರು ಇಬ್ಬರಾಗುವುದಿಲ್ಲ, ಎದುರಿನವರು ನಾಲ್ವರಾಗುತ್ತಾರೆ.

ಗೆಲುವಿನ ಗೋಲು ಎಂದರೆ ಕೊನೆಯ ಗೋಲಲ್ಲ. ಸೋತವರ ಮೊತ್ತಕ್ಕಿಂತ ಒಂದು ಹೆಚ್ಚಾದದ್ದು. 2025ರ ಸೆಮಿಯಲ್ಲಿ ಅಮೆರಿಕ 6–2 ಸ್ವೀಡನ್. ಗೆಲುವಿನ ಗೋಲು ಅಮೆರಿಕದ ಮೂರನೆಯದು. ಪಾಸ್ ಕೊಟ್ಟವರಲ್ಲಿ ಹೆಚ್ಚೆಂದರೆ ಇಬ್ಬರಿಗೆ ಲೆಕ್ಕ. ಎರಡನೆಯವನ ಹೆಸರು ಪಂದ್ಯ ಮುಗಿದ ಮೇಲೆ ಬದಲಾಗುವುದುಂಟು, ಅದಕ್ಕೇ ಆ ಅಂಕಣ ಬೆಳಗಿನವರೆಗೆ ಪೆನ್ಸಿಲ್‌ನಲ್ಲೇ ಇರುತ್ತದೆ.

ನಾಕೌಟ್ ಚಿತ್ರವನ್ನು ಸೆಮಿಯವರೆಗೆ ಮೊದಲೇ ಗೆರೆ ಎಳೆದು ಇಡಬೇಡಿ. ಕ್ವಾರ್ಟರ್‌ನಲ್ಲಿ ಒಂದು ಗುಂಪಿನ ಮೊದಲನೆಯವರಿಗೆ ಇನ್ನೊಂದರ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು. ಅಲ್ಲಿಂದ ಗೆದ್ದ ನಾಲ್ವರನ್ನು ಗುಂಪಿನ ಸ್ಥಾನ, ಅಂಕದ ಮೇಲೆ ಮತ್ತೆ ಜೋಡಿಸುತ್ತಾರೆ, ಮೇಲಿನವರಿಗೆ ಕೆಳಗಿನವರು. 2025ರಲ್ಲಿ ಬಿ ಗುಂಪಿನ ಮೊದಲನೆಯ ಸ್ವಿಟ್ಜರ್ಲೆಂಡಿಗೆ ಸೆಮಿಯಲ್ಲಿ ಸಿಕ್ಕಿದ್ದು ಅದೇ ಗುಂಪಿನ ನಾಲ್ಕನೆಯ ಡೆನ್ಮಾರ್ಕ್, ಫಲಿತಾಂಶ 7–0.

ಹೆಸರುಗಳಲ್ಲಿ ಸ್ಲೊವಾಕಿಯಾ, ಸ್ಲೊವೇನಿಯಾ ದೊಡ್ಡ ಬಲೆ. 2025ರಲ್ಲಿ ಎರಡೂ ಎ ಗುಂಪಿನಲ್ಲೇ ಇದ್ದವು. ‘ಸ್ಲೊ’ ಎಂದು ಚುಟುಕಾಗಿ ಬರೆಯುವುದನ್ನು ನಾವು ನಿಲ್ಲಿಸಿ, ‘ವಾಕಿಯಾ’, ‘ವೇನಿಯಾ’ ಎಂದೇ ಬರೆಯುತ್ತೇವೆ. ನೋಡಲು ವಿಚಿತ್ರ, ತಪ್ಪಂತೂ ಆಗುವುದಿಲ್ಲ. ಲಾಟ್ವಿಯಾದ ಗಂಡಸರ ಹೆಸರಿನ ಕೊನೆಯ ‘ಸ್’ ಕತ್ತರಿಸಬಾರದು. 2023ರ ಕಂಚಿನ ಪಂದ್ಯದಲ್ಲಿ ಅಮೆರಿಕವನ್ನು ಓವರ್‌ಟೈಮ್‌ನಲ್ಲಿ 4–3 ಸೋಲಿಸಿದ ಗೋಲು ರುಬೀನ್ಸ್‌ನದು, ರುಬಿನ್‌ನದಲ್ಲ.

ಹಂಚುವ ಸಂದೇಶ ಬೆಳಿಗ್ಗೆ ಏಳರೊಳಗೆ ಹೋಗಬೇಕು, ಎಂಟು ಸಾಲು ಮೀರಬಾರದು. ಓದುವವರು ಡೊಂಬಿವಲಿಯಿಂದ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. ಮಾದರಿ ಇದು:

ಫೈನಲ್, ಸ್ಟಾಕ್‌ಹೋಮ್, 25 ಮೇ 2025.
ಓ.ಟೈ. ಅಮೆರಿಕ 1–0 ಸ್ವಿಟ್ಜರ್ಲೆಂಡ್ (0–0, 0–0, 0–0, 1–0).
ಗೋಲು: ಟೇಜ್ ಥಾಂಪ್ಸನ್, 62:02.
ಶಾಟ್: 40–25. ಜೆನೋನಿ 39 ತಡೆ, ಸ್ವೇಮನ್ 25 ತಡೆ.
ಕಂಚು: ಸ್ವೀಡನ್ 6–2 ಡೆನ್ಮಾರ್ಕ್.
ಕೆಳಗಿಳಿದವರು: ಫ್ರಾನ್ಸ್, ಕಜಕ್‌ಸ್ತಾನ್. ಮೇಲೆ ಬಂದವರು: ಬ್ರಿಟನ್, ಇಟಲಿ.

‘ಓ.ಟೈ.’ ಸ್ಕೋರಿನ ಹಿಂದಲ್ಲ, ಮುಂದೆಯೇ ಇರುವುದನ್ನು ಗಮನಿಸಿ. ಅಮೆರಿಕಕ್ಕೆ 1933ರ ನಂತರ ಈ ಟೂರ್ನಿಯಲ್ಲೇ ಸಿಕ್ಕ ಮೊದಲ ಚಿನ್ನ ಎಂದು ಕೆಲವರು ಇನ್ನೊಂದು ಸಾಲು ಸೇರಿಸಲು ಬರುತ್ತಾರೆ. 1960ರ ಒಲಿಂಪಿಕ್ಸ್ ಚಿನ್ನವನ್ನೂ ಆಗ ವಿಶ್ವ ಪ್ರಶಸ್ತಿಯಾಗಿ ಎಣಿಸಿದ್ದರಿಂದ ಅದಕ್ಕೆ ಟಿಪ್ಪಣಿ ಬೇಕಾಗುತ್ತದೆ, ಸಂದೇಶ ಉದ್ದವಾಗುತ್ತದೆ. ಅದು ಪುಸ್ತಕಕ್ಕೆ ಇರಲಿ.

ಕಡೆಗೆ, ಕೆಳ ವಿಭಾಗಕ್ಕೆ ಇಳಿಯುವ ಪ್ರತಿ ಗುಂಪಿನ ಎಂಟನೆಯ ತಂಡದ ಎದುರು ಕೆಳಮುಖದ ಬಾಣ. ಇದನ್ನು ಕಣ್ಣುಮುಚ್ಚಿ ಹಾಕುವ ಹಾಗಿಲ್ಲ. 2021ರಲ್ಲಿ ಕೆಳ ವಿಭಾಗಗಳ ಟೂರ್ನಿಗಳು ರದ್ದಾಗಿದ್ದರಿಂದ ಯಾರೂ ಇಳಿಯಲಿಲ್ಲ. ಸೊನ್ನೆ ಅಂಕದ ಇಟಲಿ 2022ರಲ್ಲೂ ಮೇಲಿನ ವಿಭಾಗದಲ್ಲೇ ಆಡಿತು, ಆಮೇಲೆ ಇಳಿಯಿತು. ಬಾಣ ಹಾಕಬೇಕಾದ್ದು 2022ರ ಪುಟದಲ್ಲಿ.