ಆಕ್ಸಿಜನ್ ಕೊಟ್ಟರೂ ಏರದ 85

ಅದು ಆಷಾಢದ ಮಳೆಯ ರಾತ್ರಿ. ಹೊಸನಗರ ಕಡೆಯಿಂದ ಆಂಬುಲೆನ್ಸ್ ಶಿವಮೊಗ್ಗದ ನಮ್ಮ ಕ್ಯಾಶುಯಲ್ಟಿಗೆ ಬಂದಾಗ ಹನ್ನೊಂದು ದಾಟಿತ್ತು. ಐವತ್ತೆಂಟು ವರ್ಷದ ಹೆಂಗಸು, ತೂಕ ಸುಮಾರು 50 ಕೆ.ಜಿ. ಚೀಟಿಯಲ್ಲಿ ‘ವಿಷ ಸೇವನೆ’ ಅಂತ ಇತ್ತು. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಒಂದು ಡೋಸ್ ಆಗಿತ್ತು.

ನಮ್ಮ ಕಡೆ ವಿಷ ಅಂದರೆ ಮೊದಲು ತಲೆಗೆ ಬರುವುದು ಬೆಳೆಗೆ ಹೊಡೆಯುವ ಕೀಟನಾಶಕ. ಅದಾಗಿದ್ದರೆ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ನಿಧಾನದ ನಾಡಿ ಇರಬೇಕಿತ್ತು. ಇವರಲ್ಲಿ ಯಾವುದೂ ಇರಲಿಲ್ಲ. ತಲೆನೋವು, ಸುಸ್ತು, ಏದುಸಿರು. ತುಟಿ, ಉಗುರು, ನಾಲಿಗೆ ಬೂದಿ ಬೆರೆಸಿದ ನೀಲಿ. ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ಹೇಳುವ ಬೆರಳಿನ ಮೀಟರ್ 84 ತೋರಿಸುತ್ತಿತ್ತು.

ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹಾಕಿದೆ. 84. ಮೀಟರ್ ಬದಲಿಸಿದೆ, ಬೆರಳು ಒರೆಸಿದೆ. 85. ಎದೆಗೆ ಸ್ಟೆತ್ ಇಟ್ಟರೆ ಎರಡೂ ಕಡೆ ಗಾಳಿ ಚೆನ್ನಾಗಿ ಹೋಗುತ್ತಿತ್ತು. ಆದರೂ ಮೊದಲ ಹತ್ತು ನಿಮಿಷ ನಾನು ಶ್ವಾಸಕೋಶದಲ್ಲೇ ತಪ್ಪು ಹುಡುಕುತ್ತಿದ್ದೆ. ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕುವ ತಯಾರಿಯನ್ನೂ ಹೇಳಿಬಿಟ್ಟಿದ್ದೆ.

ನಿಲ್ಲಿಸಿದ್ದು ರಕ್ತದ ಬಣ್ಣ. ಎಬಿಜಿಗೆ, ಅಂದರೆ ಅಪಧಮನಿಯ ರಕ್ತದ ಆಕ್ಸಿಜನ್ ನೋಡುವ ಪರೀಕ್ಷೆಗೆ, ಮಣಿಕಟ್ಟಿನಿಂದ ತೆಗೆದ ರಕ್ತ ಸಿರಿಂಜ್‌ನಲ್ಲಿ ಗಟ್ಟಿ ಕಾಫಿ ಡಿಕಾಕ್ಷನ್ ಥರ ಇತ್ತು. ಸಿಸ್ಟರ್, “ಸರ್, ಇದು ವೇನ್‌ನದ್ದಾ?” ಅಂದರು. ಅಲ್ಲ, ಅದು ಅಪಧಮನಿಯಿಂದ ನಾಡಿ ಬಡಿತಕ್ಕೆ ತಾನಾಗಿಯೇ ಸಿರಿಂಜ್‌ಗೆ ಏರಿ ಬಂದ ರಕ್ತ. ಬಿಳಿ ಗಾಜ್ ಮೇಲೆ ಒಂದು ಹನಿ ಬಿಟ್ಟೆ. ಪಕ್ಕದಲ್ಲಿ ನನ್ನ ಬೆರಳು ಚುಚ್ಚಿಕೊಂಡು ಒಂದು ಹನಿ. ಆಕ್ಸಿಜನ್ ಕಡಿಮೆಯಾಗಿ ಕಪ್ಪಾದ ರಕ್ತ ಗಾಳಿ ತಾಗಿದರೆ ಕೆಂಪಾಗುತ್ತದೆ. ನನ್ನ ಹನಿ ಕೆಂಪಗಿತ್ತು. ಅವರದ್ದು ಕಂದು ಬಣ್ಣದಲ್ಲೇ ಉಳಿಯಿತು. ಎಬಿಜಿ ಬಂತು: ರಕ್ತದಲ್ಲಿ ಆಕ್ಸಿಜನ್ ಒತ್ತಡ 280, ಆ ಒತ್ತಡದಿಂದ ಮೆಷಿನ್ ಲೆಕ್ಕ ಹಾಕಿದ ಸ್ಯಾಚುರೇಶನ್ (ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್‌ನ ಶೇಕಡಾ ಪ್ರಮಾಣ) 99. ಬೆರಳಲ್ಲಿ ಇನ್ನೂ 85. ಈ ಅಂತರ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಹಿಮೋಗ್ಲೋಬಿನ್ ಒಳಗಿನ ಕಬ್ಬಿಣದ ರೂಪ ಬದಲಾಗಿ ಮೆಟ್‌ಹಿಮೋಗ್ಲೋಬಿನ್ ಆಗಿಬಿಟ್ಟರೆ ಅದು ಆಕ್ಸಿಜನ್ ಹಿಡಿಯುವುದಿಲ್ಲ. ಪಕ್ಕದಲ್ಲಿರುವ ಒಳ್ಳೆಯ ಭಾಗವೂ ಹಿಡಿದದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೆರಳಿನ ಮೀಟರ್ ಎರಡು ಬೆಳಕನ್ನು ಹೋಲಿಸಿ ಲೆಕ್ಕ ಹಾಕುತ್ತದೆ. ಮೆಟ್‌ಹಿಮೋಗ್ಲೋಬಿನ್ ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಹೀರುತ್ತದೆ. ಅದಕ್ಕೇ ಮೀಟರ್ 85ರ ಸುತ್ತ ಕೂತುಬಿಡುತ್ತದೆ. ನಿಜವಾದ ಪರಿಸ್ಥಿತಿ ಅದಕ್ಕಿಂತ ಕೆಟ್ಟದ್ದಿರಬಹುದು.

ಏನು ಕುಡಿದದ್ದು ಅಂತ ಮಗನನ್ನು ಮತ್ತೆ ಕೇಳಿದೆ. “ಅಮ್ಮ ಅರಿಷ್ಟ ಕುಡಿದದ್ದು ಡಾಕ್ಟ್ರೇ, ದಿನಾ ಕುಡೀತಾರೆ” ಅಂದ. ಬಾಟಲಿ ತಂದಿದ್ದ. ಮೂಸಿದರೆ ಶೂ ಪಾಲಿಶ್ ವಾಸನೆ. ಪಕ್ಕದ ಮನೆಯವರ ಜೊತೆ ಪಾಲು ಹಾಕಿ ಮೆಣಸಿನ ಗಿಡಕ್ಕೆ ‘ಹೂ ಬಿಡೋ ಔಷಧಿ’ ತಂದಿದ್ದರು. ಇವರ ಪಾಲನ್ನು ಖಾಲಿ ಅರಿಷ್ಟದ ಬಾಟಲಿಗೆ ಸುರಿದಿದ್ದರು. ಕರೆಂಟ್ ಇಲ್ಲದ ಹೊತ್ತಲ್ಲಿ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಅದೇ. ಪಕ್ಕದ ಮನೆಗೆ ಫೋನ್ ಮಾಡಿಸಿ ಮೂಲ ಡಬ್ಬದ ಲೇಬಲ್ ಫೋಟೋ ತರಿಸಿದೆ. ನೈಟ್ರೋಬೆಂಜೀನ್, ಶೇ. 20. ಹಿಮೋಗ್ಲೋಬಿನ್ ಕೆಡಿಸಿದ್ದು ಅದೇ.

‘ಹೂ ಬಿಡೋ ಔಷಧಿ’ ಅನ್ನೋ ಹೆಸರು ಕೇಳಿದರೆ ವಿಷ ಅನ್ನಿಸುವುದೇ ಇಲ್ಲ, ಅಲ್ವಾ? ರೈತರು ಅದನ್ನು ಟಾನಿಕ್ ಅಂತಲೇ ತಿಳಿದಿರುತ್ತಾರೆ. ಆ ತಾಯಿಯದ್ದಾಗಲಿ ಮನೆಯವರದ್ದಾಗಲಿ ತಪ್ಪು ಅಂತ ನನಗೆ ಆಗಲೂ ಅನ್ನಿಸಲಿಲ್ಲ.

ಇದಕ್ಕೆ ಮದ್ದು ಮೆಥಿಲೀನ್ ಬ್ಲೂ. ಲ್ಯಾಬ್‌ನಲ್ಲಿ ಬಣ್ಣ ಹಾಕುವ ದ್ರಾವಣ ಅಲ್ಲ, ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಅದು ಬರುವಷ್ಟರಲ್ಲಿ ಸೀರೆ ಬದಲಿಸಿ, ಮೈಗೆ ಚೆಲ್ಲಿದ್ದನ್ನು ಸೋಪು ನೀರಲ್ಲಿ ತೊಳೆಸಿದೆ. ನೈಟ್ರೋಬೆಂಜೀನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ಎರಡು ಪ್ರಶ್ನೆ ಕೇಳಿದೆ. ಹಿಂದೆ ಮಲೇರಿಯಾ ಗುಳಿಗೆಗೋ ಬೇರೆ ಮಾತ್ರೆಗೋ ಕಾಮಾಲೆ ಆಗಿ, ಮೂತ್ರ ಟೀ ಬಣ್ಣಕ್ಕೆ ತಿರುಗಿತ್ತಾ? ಮನಸ್ಸಿನ ಕಾಯಿಲೆಗೆ ಗುಳಿಗೆ ತಗೊಳ್ತಾರಾ? ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಈ ಮದ್ದು ರಕ್ತಕಣಗಳನ್ನೇ ಒಡೆಯಬಹುದು. ಖಿನ್ನತೆಯ ಕೆಲವು ಗುಳಿಗೆಗಳ ಜೊತೆಗೂ ಇದು ಅಪಾಯ. ಎರಡಕ್ಕೂ ಇಲ್ಲ ಅಂದರು. ಮದ್ದಿಗೆ ಮುಂಚೆಯೇ ಒಂದು ಸ್ಯಾಂಪಲ್ ತೆಗೆದು, ಮೆಟ್‌ಹಿಮೋಗ್ಲೋಬಿನ್ ಅಳೆಯುವ ಇನ್ನೊಂದು ಲ್ಯಾಬ್‌ಗೆ ಕಳಿಸಿದೆ. ಮದ್ದಿನ ನೀಲಿ ಸೇರಿದರೆ ಆ ಅಳತೆಯೂ ಕೆಡುತ್ತದೆ.

ಕೆ.ಜಿ.ಗೆ 1 ಮಿ.ಗ್ರಾಂ ಲೆಕ್ಕದಲ್ಲಿ 50 ಮಿ.ಗ್ರಾಂ, ಅಂದರೆ ಶೇ. 1ರ ಇಂಜೆಕ್ಷನ್ 5 ಮಿ.ಲೀ. 50 ಮಿ.ಲೀ. ಡೆಕ್ಸ್‌ಟ್ರೋಸ್‌ಗೆ ಸೇರಿಸಿದೆ. ಸಲೈನ್ ಬಳಸಲಿಲ್ಲ, ಅದರಲ್ಲಿ ಮದ್ದು ಸರಿಯಾಗಿ ಕರಗಿ ನಿಲ್ಲುವುದಿಲ್ಲ. ನಿಧಾನಕ್ಕೆ ಬಿಟ್ಟೆ. ಎರಡು ನಿಮಿಷಕ್ಕೆ ಮೀಟರ್ 70ಕ್ಕೆ ಇಳಿಯಿತು. ಮಗ ಗಾಬರಿಯಲ್ಲಿ ನನ್ನ ಕೈ ಹಿಡಿದ. ಅದು ಮದ್ದಿನ ನೀಲಿ ಮೀಟರಿನ ಲೆಕ್ಕ ತಪ್ಪಿಸುವುದು ಅಂತ ಗೊತ್ತಿದ್ದರೂ ನನ್ನ ಎದೆಯೂ ಡವಡವ ಅಂದಿತು. ಮಾನಿಟರ್ ಬಿಟ್ಟು ಅವರ ನಾಲಿಗೆ ನೋಡುತ್ತಾ ಕೂತೆ. ಅರ್ಧ ಗಂಟೆಯಲ್ಲಿ ಬೂದಿ ಬಣ್ಣ ಸರಿಯತೊಡಗಿತು. ಆದರೂ ಒಂದು ಗಂಟೆ ಕಳೆದ ಮೇಲೆ ಇನ್ನೊಂದು ಡೋಸ್ ಬೇಕಾಯಿತು. ಬೆಳಗಿನ ಜಾವ ಆ ಸ್ಯಾಂಪಲ್‌ನ ರಿಪೋರ್ಟ್ ಬಂತು: ಮೆಟ್‌ಹಿಮೋಗ್ಲೋಬಿನ್ ಶೇ. 46.

ಮಾರನೇ ದಿನ ಮೂತ್ರ ಹಸಿರು ನೀಲಿಯಾಯಿತು ಅಂತ ಸೊಸೆ ಹೆದರಿ ಓಡಿ ಬಂದಳು. ಅದು ಮದ್ದು ಹೊರಗೆ ಹೋಗುವ ಬಣ್ಣ ಅಂದೆ. ನನಗೆ ಭಯ ಇದ್ದದ್ದು ಬೇರೆ ಕಡೆ. ನೈಟ್ರೋಬೆಂಜೀನ್ ದೇಹದ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಬರುತ್ತದೆ. ಅಂದುಕೊಂಡ ಹಾಗೆಯೇ ಎರಡನೇ ರಾತ್ರಿ ಮತ್ತೆ ತುಟಿ ಕಂದಿತು. ಇನ್ನೊಂದು 50 ಮಿ.ಗ್ರಾಂ ಕೊಟ್ಟೆ. ಒಟ್ಟು 150. ಕೆ.ಜಿ.ಗೆ 7 ಮಿ.ಗ್ರಾಂ ದಾಟಬಾರದು, ದಾಟಿದರೆ ಮದ್ದೇ ಮೆಟ್‌ಹಿಮೋಗ್ಲೋಬಿನ್ ಹೆಚ್ಚಿಸಬಹುದು. ಹಾಗಾಗಿ ಕೇಸ್ ಶೀಟ್ ಮೇಲ್ಗಡೆಯೇ ಮೊತ್ತವನ್ನು ದೊಡ್ಡದಾಗಿ ಬರೆದಿಟ್ಟಿದ್ದೆ.

ಐದನೇ ದಿನ ಮನೆಗೆ ಹೋದರು. ರಕ್ತಕಣ ಒಡೆಯುವುದು ತಡವಾಗಿ ಕಾಣಿಸಬಹುದು, ಅದಕ್ಕೆ ಒಂದು ವಾರ ಬಿಟ್ಟು ಬನ್ನಿ ಅಂದಿದ್ದೆ. ಬಂದರು. ಹಿಮೋಗ್ಲೋಬಿನ್ 11.6 ಇದ್ದದ್ದು 10.2 ಆಗಿತ್ತು. ಕಣ್ಣು ಹಳದಿ ಇರಲಿಲ್ಲ. ನಾಲಿಗೆ ತೋರಿಸಿ ಅಂದೆ. ಗುಲಾಬಿ ಬಣ್ಣಕ್ಕಿತ್ತು.