ಹಳೆಯ ಒಮೆಗಾ ದಿನಾ ಕಟ್ಟುವವರಿಗೆ: ನನ್ನ ಅನುಭವ

ನಾನು ದಿನಾ ಕಟ್ಟುವುದು 1960ರ ದಶಕದ ಕೊನೆಯ ಒಮೆಗಾ ಸೀಮಾಸ್ಟರ್. ಸ್ಟೀಲ್ ಕೇಸು, ಒಳಗೆ 565 ನಂಬರಿನ ಆಟೋಮ್ಯಾಟಿಕ್ ಮಷೀನು: 24 ಜ್ಯುವೆಲ್ (ಚಕ್ರಗಳ ಅಚ್ಚು ಕೂರುವ ಹರಳು), ತಾಸಿಗೆ 19,800 ಬಡಿತ. ದಶಕಗಟ್ಟಲೆ ಕಟ್ಟಿದ ಮೇಲೆ ಹೇಳುತ್ತೇನೆ, ಇಂಥ ವಾಚು ಬರೀ ವಯಸ್ಸಾಗಿ ಕೆಡುವುದು ಕಡಿಮೆ. ಕೆಡಿಸುವುದು ನೀರು, ಧೂಳು, ಒಣಗಿದ ಎಣ್ಣೆ. ಅದಕ್ಕೂ ಮಿಗಿಲಾಗಿ, ಹಳೆಯದನ್ನು ಹೊಸದು ಮಾಡಲು ಹೊರಡುವ ಕೈ.

ನಿಂತ ವಾಚನ್ನು ಅಲ್ಲಾಡಿಸಿ ಶುರು ಮಾಡುವ ಚಾಳಿ ಬಹಳ ಜನಕ್ಕಿದೆ. ಬೇಡ. ಚಾವಿ ಗುಂಡಿಯನ್ನು ಎಳೆಯದೆ, ಇದ್ದಲ್ಲೇ 15–20 ಸುತ್ತು ತಿರುಗಿಸಿ ಕಟ್ಟಿಕೊಳ್ಳಿ. ಮುಂದಿನದನ್ನು ಕೈ ಆಡಿದಂತೆ ತಿರುಗಿ ಚಾವಿ ಕೊಡುವ ಒಳಗಿನ ರೋಟರ್ ನೋಡಿಕೊಳ್ಳುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಕೈಯಲ್ಲಿ ರೋಟರ್ ಸಾಕಷ್ಟು ತಿರುಗುವುದಿಲ್ಲ, ಅಂಥವರು ಬೆಳಿಗ್ಗೆ ನಾಲ್ಕಾರು ಸುತ್ತು ಕೊಡಬೇಕು. 565ರಲ್ಲಿ ತಾರೀಕು ಬದಲಿಸಲು ಗುಂಡಿಯನ್ನು ಕೊನೆಯ ಹಂತದವರೆಗೆ ಎಳೆಯಬೇಕು, ಒಂದು ಎಳೆತಕ್ಕೆ ಒಂದು ದಿನ. ರಾತ್ರಿ 9ರಿಂದ ನಸುಕಿನ 3ರ ನಡುವೆ ಇದನ್ನು ಮಾಡಬಾರದು. ಆ ಹೊತ್ತಿನಲ್ಲಿ ಮಷೀನಿನ ಹಲ್ಲು ತಾರೀಕಿನ ಚಕ್ರವನ್ನು ಆಗಲೇ ಹಿಡಿದಿರುತ್ತದೆ, ಎಳೆದರೆ ಹಲ್ಲು ಮುರಿಯಬಹುದು. ಮುಳ್ಳುಗಳನ್ನು 6ಕ್ಕೆ ತಂದು, ಆಮೇಲೆ ಎರಡೂ ಉಗುರುಗಳಿಂದ ನೇರವಾಗಿ ಎಳೆಯಿರಿ. ಒಂದೇ ಬದಿಯಿಂದ ಮೀಟಿದರೆ ಗುಂಡಿಯ ಕಡ್ಡಿ ಬಾಗುತ್ತದೆ.

ನಮ್ಮ ಕಡೆ ಹವೆ ಮೂರು ತರದ ಕಾಟ ಕೊಡುತ್ತದೆ. ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯ ಬೆವರಿಗೆ ಚರ್ಮದ ಬೆಲ್ಟು ಒಂದೇ ಬೇಸಿಗೆಗೆ ನಾರುತ್ತದೆ, ಅದರ ಹುಳಿ ಬೆಲ್ಟು ಸಿಕ್ಕಿಸುವ ಕೇಸಿನ ಕಾಲುಗಳ ಒಳಬದಿಯ ಸ್ಟೀಲನ್ನು ತಿನ್ನುತ್ತದೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ನಾನು ಹಾಕುವುದು 18 ಮಿ.ಮೀ. ನೈಲಾನ್ ಪಟ್ಟಿ. ಅದು ವಾಚಿನ ಕೆಳಗಿಂದ ಒಂದೇ ಉದ್ದಕ್ಕೆ ಹಾಯುವುದರಿಂದ ಕಾಲುಗಳ ನಡುವೆ ಪಟ್ಟಿ ಹಿಡಿಯುವ ಒಂದು ಪಿನ್ನು ಮುರಿದರೂ ವಾಚು ನೆಲಕ್ಕೆ ಬೀಳುವುದಿಲ್ಲ. ಪಿನ್ನುಗಳನ್ನು ವರ್ಷಕ್ಕೊಮ್ಮೆ ಬದಲಿಸಿಬಿಡಿ. ಬೆಲ್ಟಿನ ಮುಂದೆ ಅವುಗಳ ಬೆಲೆ ಲೆಕ್ಕಕ್ಕೇ ಇಲ್ಲ.

ಎರಡನೆಯದು ಎರೆಮಣ್ಣಿನ ಧೂಳು. ನವಲಗುಂದ, ಗದಗ ಕಡೆ ಬೇಸಿಗೆಯಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧೂಳು ಬೆವರಿನ ಜೊತೆ ಸೇರಿ ಚಾವಿ ಗುಂಡಿಯ ಬುಡದಲ್ಲಿ ಕರಿ ಅಂಟಾಗಿ ಕೂರುತ್ತದೆ. ಗುಂಡಿ ತಿರುಗಿಸಿದಷ್ಟೂ ಒಳಗಿನ ರಬ್ಬರ್ ರಿಂಗನ್ನು ಅರೆಯುತ್ತದೆ, ಮಳೆಗಾಲದ ತೇವ ಒಳಗೆ ಹೋಗುವುದು ಇದೇ ದಾರಿಯಿಂದ. ವಾರಕ್ಕೊಮ್ಮೆ ಬೆಲ್ಟು ಬಿಚ್ಚಿ, ಒಣ ಮೆತ್ತನೆ ಟೂತ್‌ಬ್ರಷ್ ಆಡಿಸಿ, ಗುಂಡಿಯ ಸಂದಿಯ ಅಂಟನ್ನು ಬಿದಿರಿನ ಹಲ್ಲುಕಡ್ಡಿಯಿಂದ ಕೆರೆದು ತೆಗೆಯುತ್ತೇನೆ. ನೀರು ತಾಗಿಸುವುದಿಲ್ಲ. ರಂಗಪಂಚಮಿಯ ದಿನ ಮಾತ್ರ ವಾಚು ಕಪಾಟಿನಲ್ಲೇ ಇರಲಿ. ಆ ಬಣ್ಣದ ಪುಡಿ ಎರೆಮಣ್ಣಿಗಿಂತ ನುಣುಪು.

ಮೂರನೆಯದು ಧಾರವಾಡದ ಮಳೆ. ಹಿಂದಿನ ಮುಚ್ಚಳದ ಮೇಲೆ ಏನೇ ಕೆತ್ತಿರಲಿ, ಐವತ್ತು ವರ್ಷ ದಾಟಿದ ವಾಚನ್ನು ವಾಟರ್‌ಪ್ರೂಫ್ ಎಂದು ನಂಬಬಾರದು. ಕೈ ತೊಳೆಯುವಾಗ ನಾಲ್ಕು ಹನಿ ಸಿಡಿದರೆ ಅಡ್ಡಿಯಿಲ್ಲ, ಸ್ನಾನ, ಈಜು ಬೇಡವೇ ಬೇಡ. ಮೇ ಕೊನೆಗೆ ಒಂದು ಸಣ್ಣ ಪರೀಕ್ಷೆ ಮಾಡಿ: ಕೈಯ ಬಿಸಿಯಿರುವ ವಾಚಿನ ಗಾಜಿನ ಮೇಲೆ ತಣ್ಣೀರಿನ ಒಂದೇ ಹನಿ ಬಿಟ್ಟು, ಒಂದು ನಿಮಿಷದ ಮೇಲೆ ಒರೆಸಿ ನೋಡಿ. ಗಾಜಿನ ಒಳಮೈಗೆ ಮಂಜು ಕಂಡರೆ ತೇವ ಆಗಲೇ ಒಳಗಿದೆ. ಆಗ ಅಕ್ಕಿ ಡಬ್ಬಿಯಲ್ಲಿ ಹುಗಿಯಬೇಡಿ, ಅಕ್ಕಿಯ ಹುಡಿ ಇನ್ನೊಂದು ತಾಪತ್ರಯ. ಸಿಲಿಕಾ ಜೆಲ್ ಪೊಟ್ಟಣಗಳಿರುವ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮರುದಿನವೇ ಬಿಚ್ಚಿಸಿ. ಬಡಿತದ ವೇಗ ಹಿಡಿದಿಡುವ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗಿಗೆ ತುಕ್ಕು ಹಿಡಿದರೆ ಒರೆಸಿ ಸರಿಮಾಡುವ ಕೆಲಸ ಅದಲ್ಲ, ಬದಲಿಸುವುದೇ.

ಗಾಜು ಎಂದರೂ ಅದು ನಿಜವಾಗಿ ಅಕ್ರಿಲಿಕ್. ಗೀರು ಸುಲಭವಾಗಿ ಬೀಳುತ್ತದೆ, ಅಷ್ಟೇ ಸುಲಭವಾಗಿ ಹೋಗುತ್ತದೆ. ಕೇಸಿನ ಅಂಚಿಗೆ ಟೇಪು ಸುತ್ತಿ, ಹತ್ತಿಬಟ್ಟೆಗೆ ಕಡಲೆಕಾಳಿನಷ್ಟು ಪಾಲಿವಾಚ್ ಎಂಬ ಪಾಲಿಶ್ ಪೇಸ್ಟು ಹಚ್ಚಿ, ಗೀರಿಗೆ ಅಡ್ಡಡ್ಡ ಮೂರು-ನಾಲ್ಕು ನಿಮಿಷ ತಿಕ್ಕಿದರೆ ಸಾಕು. ಬಿಳಿ ಟೂತ್‌ಪೇಸ್ಟಿನಿಂದಲೂ ಆಗುತ್ತದೆ, ತಡ ಅಷ್ಟೆ. ಸ್ಪಿರಿಟ್, ಸ್ಯಾನಿಟೈಸರ್, ಸೆಂಟು ಮಾತ್ರ ತಾಗಬಾರದು, ಅಕ್ರಿಲಿಕ್ ಒಳಗೊಳಗೇ ಸಣ್ಣಗೆ ಬಿರಿಯುತ್ತದೆ. ಅಂಚಿನಿಂದ ಬಿರುಕು ಶುರುವಾಗಿದ್ದರೆ ತಿಕ್ಕಿ ಫಲವಿಲ್ಲ, ಹೊಸದು ಹಾಕಿಸಬೇಕು. ಆಗ ಭೂತಗನ್ನಡಿ ಹಿಡಿದು ನೋಡಿ: ಅಸಲಿ ಒಮೆಗಾ ಗಾಜಿನ ನಟ್ಟನಡುವೆ, ಒಳಮೈಯಲ್ಲಿ, ಕಂಡೂ ಕಾಣದಷ್ಟು ಚಿಕ್ಕ ಒಮೆಗಾ ಗುರುತು ಇರುತ್ತದೆ. ಒಳಗಿರುವುದರಿಂದ ಎಷ್ಟು ತಿಕ್ಕಿದರೂ ಅಳಿಯುವುದಿಲ್ಲ.

ವಾಚು ಒಮ್ಮಿಂದೊಮ್ಮೆಗೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿದರೆ ಸರ್ವಿಸಿಗೆ ಓಡಬೇಡಿ. ಬಹುತೇಕ ಅದು ಅಯಸ್ಕಾಂತದ ಕೆಲಸ. ಫೋನಿನ ಸ್ಪೀಕರ್, ಫ್ಲಿಪ್ ಕವರು, ಬ್ಯಾಗಿನ ಗುಂಡಿ, ಯಾವುದಾದರೂ ಸಾಕು. ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಬಡಿತ ಜೋರಾಗುತ್ತದೆ. ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ಕುಣಿದರೆ ಖಾತ್ರಿ. ಅಯಸ್ಕಾಂತ ಇಳಿಸುವ ಡೀಮ್ಯಾಗ್ನೆಟೈಸರ್ ಮೇಲೆ ವಾಚಿಟ್ಟು, ಅದರ ಗುಂಡಿ ಒತ್ತಿ, ಒತ್ತಿ ಹಿಡಿದೇ ವಾಚನ್ನು ನಿಧಾನಕ್ಕೆ ತೋಳಿನಷ್ಟು ದೂರ ಒಯ್ದು, ಅಲ್ಲಿ ಗುಂಡಿ ಬಿಡಬೇಕು. ಹತ್ತಿರದಲ್ಲೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಹಿಡಿದಿರುತ್ತದೆ.

ಸರ್ವಿಸು ಸಾಧಾರಣ ಐದರಿಂದ ಏಳು ವರ್ಷಕ್ಕೊಮ್ಮೆ, ಆದರೆ ನಾನು ಕ್ಯಾಲೆಂಡರಿಗಿಂತ ಬಡಿತ ಕೇಳಿ ಅಳೆಯುವ ಟೈಮ್‌ಗ್ರಾಫರ್ ಯಂತ್ರವನ್ನು ನಂಬುತ್ತೇನೆ. ಅದರಲ್ಲಿ 565ಕ್ಕೆ ಹೊಂದುವ ಲಿಫ್ಟ್ ಆ್ಯಂಗಲ್ 49 ಡಿಗ್ರಿ ಇಟ್ಟು, ಪೂರ್ತಿ ಚಾವಿ ಕೊಟ್ಟು, ಡಯಲ್ ಮೇಲಾಗಿ ಮಲಗಿಸಿದಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) 270 ಡಿಗ್ರಿಯ ಮೇಲಿದ್ದರೆ ಮಷೀನು ಗಟ್ಟಿ. 220ಕ್ಕೆ ಇಳಿದರೆ ಎಣ್ಣೆ ಒಣಗಿದೆ. ಸಮಯ ಸರಿಯಾಗಿ ತೋರಿಸುತ್ತಿದ್ದರೂ ಒಳಗೆ ಸವೆತ ಶುರುವಾಗಿರುತ್ತದೆ. ರಿಪೇರಿಯವರಿಗೆ ಕೇಳಬೇಕಾದದ್ದು ಇಷ್ಟು: ಎಲ್ಲ ಭಾಗ ಬಿಚ್ಚುತ್ತೀರೋ, ಇಲ್ಲ ಇಡೀ ಮಷೀನನ್ನು ಪೆಟ್ರೋಲಿನಲ್ಲಿ ಅದ್ದಿ ಎತ್ತುತ್ತೀರೋ? ಅದ್ದುವವರಾದರೆ ನಮಸ್ಕಾರ ಹೇಳಿ ಬನ್ನಿ. ಹಾಗೆ ತೊಳೆದರೆ ಜ್ಯುವೆಲ್ ತೂತಿನ ಅಂಟು ಅಲ್ಲೇ ಉಳಿಯುತ್ತದೆ, ಚಾವಿಯ ಶಕ್ತಿ ಕೂಡಿಡುವ ಮೇನ್‌ಸ್ಪ್ರಿಂಗಿನ ಡಬ್ಬಿ ತೆರೆಯುವುದೇ ಇಲ್ಲ. ಹಿಂದಿನ ಮುಚ್ಚಳದ ಒಳಮೈಯಲ್ಲಿ ಬಿಲ್ಲಿನಾಕಾರದ ಹೊಸ ಗೆರೆಗಳಿದ್ದರೆ ರೋಟರಿನ ಅಚ್ಚು ಸವೆದು ಉಜ್ಜುತ್ತಿದೆ ಎಂದರ್ಥ, ಅದನ್ನೂ ತೋರಿಸಿ.

ಬಿಲ್ಲು ಬರೆಯುವ ಮುಂಚೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: “ಡಯಲ್ ಹೊಸಾದು ಮಾಡಿಸಿ, ಕೇಸಿಗೆ ಪಾಲಿಶ್ ಹೊಡದು ಕೊಡ್ಲೇನ್ರಿ ಸರ?” ಉತ್ತರ: “ಬ್ಯಾಡ್ರಿ, ಹೆಂಗೈತಿ ಹಂಗ ಇರ್ಲಿ.” ಪಾಲಿಶ್ ಯಂತ್ರಕ್ಕೆ ಸಿಕ್ಕ ಕೇಸಿನ ಚೂಪು ಅಂಚುಗಳು ಸಾಬೂನಿನ ಹಾಗೆ ದುಂಡಗಾಗುತ್ತವೆ, ಕರಗಿದ ಸ್ಟೀಲು ತಿರುಗಿ ಬರುವುದಿಲ್ಲ. ಮತ್ತೆ ಬಣ್ಣ ಬಳಿದ ಡಯಲಿನ ಬೆಲೆ ಬಲ್ಲವರ ಕಣ್ಣಲ್ಲಿ ಅರ್ಧಕ್ಕಿಳಿಯುತ್ತದೆ. 6ರ ಕೆಳಗಿನ ‘ಸ್ವಿಸ್ ಮೇಡ್’ ಅಕ್ಕಪಕ್ಕ ‘ಟಿ’ ಇದ್ದರೆ ಮುಳ್ಳು, ಗುರುತುಗಳಿಗೆ ಹಚ್ಚಿದ್ದು ಕತ್ತಲಲ್ಲಿ ಹೊಳೆಯಲೆಂದು ಟ್ರಿಟಿಯಂ ಬೆರೆಸಿದ ಬಣ್ಣ, ಆ ಟ್ರಿಟಿಯಂ 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು ಈಗ ಕತ್ತಲಲ್ಲಿ ಹೊಳೆಯುವುದಿಲ್ಲ. ಹೊಳೆಯದಿದ್ದರೆ ಬಿಡಿ, ಹಚ್ಚಿದ್ದು ಹಳತಾಗಿ ತಿರುಗಿದ ಆ ಕಂದು ಬಣ್ಣ ತನ್ನಷ್ಟಕ್ಕೆ ಬಂದದ್ದು.

ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ರಿಂಗ್), ಮೇನ್‌ಸ್ಪ್ರಿಂಗ್, ಗಾಜು ಸವೆಯುವ ಮಾಲು, ಧಾರಾಳವಾಗಿ ಬದಲಿಸಿ. ಚಾವಿ ಗುಂಡಿ ಬದಲಿಸಿದರೆ ಹಳೆಯದನ್ನು ಕೇಳಿ ಇಸಿದುಕೊಂಡು, ತಾರೀಕು ಬರೆದ ಚೀಟಿಯ ಜೊತೆ ಎತ್ತಿಡಿ. ಮುಂದಿನ ರಿಪೇರಿಯವರು ಅಳತೆಗೆ ಮೊದಲು ಕೇಳುವುದು ಅದನ್ನೇ.