ಮಂಡಿ ಆಪರೇಷನ್‌ಗೆ ಎಐ ನಕ್ಷೆ: ಹೇಗೆ ತಯಾರಾಗುತ್ತದೆ, ನೀವೇನು ಮಾಡಬೇಕು?

ಮಂಡಿ ಬದಲಾಯಿಸಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಎಐ ಪ್ಲಾನಿಂಗ್ ಇದೆ, ರೋಬಾಟ್ ಇದೆ ಅಂತಲೂ ಹೇಳಿದ್ದಾರೆ. ಹಾಗಾದರೆ ಆಪರೇಷನ್ ಮಾಡುವುದು ಯಂತ್ರವಾ? ಅಲ್ಲ. ಎಐ ಕೊಡುವುದು ಒಂದು ಕರಡು ನಕ್ಷೆ ಅಷ್ಟೇ. ಅದನ್ನು ತಿದ್ದಿ ಒಪ್ಪಬೇಕಾದವರು ಸರ್ಜನ್. ನಕ್ಷೆ ಸರಿ ಬರುವುದರಲ್ಲಿ ನಿಮ್ಮ ಪಾಲೂ ಇದೆ.

ಮೊದಲು ಸ್ಕ್ಯಾನ್

ಕೆಲವು ಕಡೆ ಎಕ್ಸ್‌ರೇ ಸಾಕು, ಕೆಲವು ಕಡೆ ಸಿಟಿ ಸ್ಕ್ಯಾನ್ ಬೇಕು. ಸಿಟಿಯಲ್ಲಿ ಮಂಡಿಯ ಜೊತೆ ಸೊಂಟದ ಕೀಲು, ಪಾದದ ಗಿಣ್ಣು ಎರಡನ್ನೂ ತೆಗೆಯುತ್ತಾರೆ. ಕಾಲು ನೇರ ಇದೆಯಾ ಎಂದು ಅಳೆಯುವ ಗೆರೆ ಸೊಂಟದಿಂದ ಗಿಣ್ಣಿನವರೆಗೆ ಹೋಗುತ್ತದೆ. ಮಧ್ಯದಲ್ಲಿ ಕಾಲು ಅಲ್ಲಾಡಿದರೆ ಆ ಗೆರೆಯೇ ತಪ್ಪುತ್ತದೆ.

ನಮ್ಮ ಅಮ್ಮನಿಗೆ ಹೀಗೇ ಆಯಿತು. ಕಾಲು ಜೋಮು ಹಿಡಿದು ಪಾದ ಒಂಚೂರು ಹೊರಳಿತು. ಟೆಕ್ನಿಷಿಯನ್ ಮತ್ತೆ ಮೊದಲಿಂದ ಶುರು ಮಾಡಿದರು. ಕಾಲು ಚಾಚಿ ಮಲಗಲು ಕಷ್ಟವಾದರೆ ಸುಮ್ನೆ ಸಹಿಸಬೇಡಿ, ಮೊದಲೇ ಹೇಳಿಬಿಡಿ. ಹಳೇ ಮೂಳೆ ಮುರಿತಕ್ಕೆ ರಾಡ್ ಅಥವಾ ಪ್ಲೇಟ್ ಹಾಕಿಸಿದ್ದರೆ ಅದನ್ನೂ ಹೇಳಿ. ಲೋಹದ ಸುತ್ತ ಸ್ಕ್ಯಾನಿನಲ್ಲಿ ಬಿಳಿ ಗೆರೆಗಳು ಚೆಲ್ಲಿ ಮೂಳೆಯ ಅಂಚು ಮುಚ್ಚಿಹೋಗುತ್ತದೆ.

ಅಂಚು ಬಿಡಿಸುವ ಕೆಲಸ

ಸಿಟಿ ಎಂದರೆ ನೂರಾರು ತೆಳು ಹೋಳುಗಳ ಚಿತ್ರ. ಪ್ರತಿ ಹೋಳಿನಲ್ಲೂ ತೊಡೆ ಮೂಳೆ ಯಾವುದು, ಕೆಳಗಿನ ಮೂಳೆ ಯಾವುದು ಎಂದು ಬಿಡಿಸಬೇಕು. ಮೊದಲು ಇದನ್ನು ಮೌಸ್ ಹಿಡಿದು ಕೂತು ಮನುಷ್ಯರೇ ಬಿಡಿಸುತ್ತಿದ್ದರು. ಹಾಗೆ ಬಿಡಿಸಿದ ಸ್ಕ್ಯಾನ್‌ಗಳನ್ನೇ ನೋಡಿ ಎಐ ಕಲಿತಿದೆ, ಈಗ ನಿಮಿಷಗಳಲ್ಲಿ ಮುಗಿಸುತ್ತದೆ. ಆದರೆ ಪೂರ್ತಿ ಸವೆದ ಮಂಡಿಯಲ್ಲಿ ಮೂಳೆಗೆ ಮೂಳೆ ತಾಗಿರುತ್ತದೆ, ಅಂಚಿನಲ್ಲಿ ಮುಳ್ಳಿನಂತೆ ಹೊಸ ಮೂಳೆ ಬೆಳೆದಿರುತ್ತದೆ. ಎಐ ಎಡವುವುದು ಅಲ್ಲೇ. ಅದಕ್ಕೇ ಮನುಷ್ಯರ ಕಣ್ಣು ಬೇಕು.

ಗೆರೆ ಮತ್ತು ಅಳತೆ

ಆಮೇಲೆ ಸಾಫ್ಟ್‌ವೇರ್ ಇಂಪ್ಲಾಂಟಿನ (ಮಂಡಿಯಲ್ಲಿ ಕೂರಿಸುವ ಕೃತಕ ಕೀಲಿನ) ಸೈಜ್ ಸೂಚಿಸುತ್ತದೆ, ಎಲ್ಲಿ ಎಷ್ಟು ಮಿಲಿಮೀಟರ್ ಮೂಳೆ ಕತ್ತರಿಸಬೇಕು ಎಂದು ತೋರಿಸುತ್ತದೆ. ಇಂಪ್ಲಾಂಟ್ ಮೂಳೆಯ ಅಂಚು ದಾಟಿ ಹೊರಚಾಚಿದರೆ ಸುತ್ತಲಿನ ಮಾಂಸಕ್ಕೆ ಉಜ್ಜಿ ನೋವು ಬರಬಹುದು. ಕೋನವೂ ಅಷ್ಟೇ ಮುಖ್ಯ. ಮಂಡಿಯ ಹತ್ತಿರ 1 ಡಿಗ್ರಿ ತಪ್ಪಿದರೆ, 40 ಸೆಂಟಿಮೀಟರ್ ಕೆಳಗೆ ಪಾದದ ಹತ್ತಿರ ಸುಮಾರು 7 ಮಿಲಿಮೀಟರ್ ಆಚೀಚೆ ಆಗುತ್ತದೆ.

ಬಿಲ್ಲಿನಂತೆ ಬಾಗಿದ ಕಾಲನ್ನು ಎಷ್ಟು ನೇರ ಮಾಡಬೇಕು? ಮೊದಲೆಲ್ಲ ಪೂರ್ತಿ ನೇರ ಮಾಡುವುದೇ ಗುರಿಯಾಗಿತ್ತು. ಈಗ ಸವೆತಕ್ಕೆ ಮೊದಲೇ ಇದ್ದ ಸಹಜ ಬಾಗನ್ನು ಸ್ವಲ್ಪ ಉಳಿಸುವ ಸರ್ಜನ್‌ಗಳೂ ಇದ್ದಾರೆ. ಈ ತೀರ್ಮಾನವನ್ನು ಯಾವ ಸಾಫ್ಟ್‌ವೇರಿಗೂ ಬಿಟ್ಟುಕೊಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಆಪರೇಷನ್ ಟೇಬಲ್ ಮೇಲೆ

ಸಾದಾ ಸಿಟಿಯಲ್ಲಿ ಮೃದು ಎಲುಬು ಸರಿಯಾಗಿ ಕಾಣುವುದಿಲ್ಲ, ಮಂಡಿಯ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳ (ಲಿಗಮೆಂಟ್) ಬಿಗಿ ತಿಳಿಯುವುದೇ ಇಲ್ಲ. ಹಾಗಾಗಿ ಸರ್ಜನ್ ಮಂಡಿಯನ್ನು ಮಡಚಿ, ಚಾಚಿ, ಒಳಬದಿಯಲ್ಲೂ ಹೊರಬದಿಯಲ್ಲೂ ಮೂಳೆಗಳ ನಡುವಿನ ಸಂದು ಸಮ ಇದೆಯಾ ನೋಡುತ್ತಾರೆ. ಬೇಕಿದ್ದರೆ ನಕ್ಷೆಯನ್ನು ಅಲ್ಲೇ ಬದಲಾಯಿಸುತ್ತಾರೆ. ರೋಬಾಟ್ ತೋಳು ಇರುವ ಕೆಲವು ವ್ಯವಸ್ಥೆಗಳಲ್ಲಿ ಗರಗಸ ಸರ್ಜನ್ ಕೈಯಲ್ಲೇ ಇರುತ್ತದೆ. ನಕ್ಷೆಯ ಗಡಿ ದಾಟದಂತೆ ತೋಳು ತಡೆಯುತ್ತದೆ.

ಡಾಕ್ಟರ್ ಹತ್ತಿರ ಕೂತಾಗ

ನಕ್ಷೆಯನ್ನು ತೆರೆಯ ಮೇಲೆ ತೋರಿಸಿ ಎಂದು ಕೇಳಿ. 'ಎಐ ಹೇಳಿದ್ದರಲ್ಲಿ ನೀವೇನು ಬದಲಾಯಿಸಿದಿರಿ?' ಎಂದೂ ಕೇಳಿ. ಖರ್ಚನ್ನು ಬಿಡಿಸಿ ಬರೆಸಿಕೊಳ್ಳಿ. ಮಂಡಿ ಇಂಪ್ಲಾಂಟ್ ಬೆಲೆಗೆ 2017ರಲ್ಲೇ ಕೇಂದ್ರ ಸರ್ಕಾರ ಮಿತಿ ಹಾಕಿದೆ. ಆದರೆ ಸ್ಕ್ಯಾನ್, ರೋಬಾಟ್ ಚಾರ್ಜ್ ಅದರಲ್ಲಿ ಸೇರಿಲ್ಲ.

ನಿಮ್ಮ ದಿನಚರಿ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ನೆಲದ ಮೇಲೆ ಕೂತು ಊಟ ಮಾಡ್ತೀರಾ, ಗದ್ದೆ ಕೆಲಸ ಇದೆಯಾ, ಎಲ್ಲವನ್ನೂ. ಅಮ್ಮ ಕೇಳಿದ್ದು ಒಂದೇ: 'ಬೆಳಿಗ್ಗೆ ರಂಗೋಲಿ ಹಾಕಬಹುದಾ ಡಾಕ್ಟ್ರೇ?' ಅವರು ತೆರೆಯಿಂದ ಕಣ್ಣು ತೆಗೆದು ಅಮ್ಮನ ಕಡೆ ತಿರುಗಿದರು. 'ನಿಂತು ಬಗ್ಗಿ ಹಾಕಿ ಅಮ್ಮಾ, ಕುಕ್ಕರಗಾಲಲ್ಲಿ ಮಾತ್ರ ಬೇಡ' ಅಂದರು.